ಥಾಯ್ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊರಟ ಕನ್ನಡಿಗರಿಗೆ

ಥಾಯ್ಲೆಂಡಿನ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಸಾಮಾನ್ಯವಾಗಿ ಅಲ್ಲಿನ ಶಿಕ್ಷಕರೇ ಥಾಯ್ ಭಾಷೆಯಲ್ಲಿ ಹೇಳಿಕೊಡುತ್ತಾರೆ. ಹೊರದೇಶದಿಂದ ಬಂದವರ ಪಾಲಿಗೆ ಬರುವುದು ಮಕ್ಕಳನ್ನು ಮಾತಾಡಿಸುವ ಕೆಲಸ. ಒಂದು ಸೆಕ್ಷನ್ನಿಗೆ ಹೆಚ್ಚಾಗಿ ವಾರಕ್ಕೊಂದೇ ಪೀರಿಯಡ್, ಐವತ್ತು ನಿಮಿಷ, ಎದುರಿಗೆ ನಲವತ್ತು, ನಲವತ್ತೈದು ಮಕ್ಕಳು. ಹಾಗಾಗಿ ನಮ್ಮ ಕಡೆಯಿಂದ ಹೊರಡುವವರು ಟೆನ್ಸ್, ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ಪುಸ್ತಕ ತಿರುವುವ ಮೊದಲು ತಮ್ಮ ಉಚ್ಚಾರಣೆಯನ್ನು ನೋಡಿಕೊಳ್ಳಬೇಕು. ನಮ್ಮ ಇಂಗ್ಲಿಷ್ ಕಡಿಮೆಯದು ಅಂತ ಇದರ ಅರ್ಥವಲ್ಲ. ಥಾಯ್ ಕಿವಿಗೆ ಅದರ ಕೆಲವು ಸದ್ದುಗಳು ಬೇರೆಯಾಗಿ ಕೇಳಿಸುತ್ತವೆ. ಯಾಕೆ ಅಂತ ಗೊತ್ತಾದರೆ ಒಂದೆರಡು ತಿಂಗಳಲ್ಲಿ ತಿದ್ದಿಕೊಳ್ಳಬಹುದು.

'ಕ'ದಿಂದಲೇ ಶುರು ಮಾಡೋಣ. ಇಂಗ್ಲಿಷಿನವರು 'ಕೋಟ್' ಅನ್ನುವಾಗ ಮೊದಲ ಸದ್ದಿನ ಜೊತೆ ಉಸಿರು ಹೊರಗೆ ಬರುತ್ತದೆ, ಹೆಚ್ಚುಕಡಿಮೆ ನಮ್ಮ 'ಖ'ದ ಹಾಗೆ. ನಾವು ಉಸಿರಿಲ್ಲದ 'ಕ' ಹೇಳುತ್ತೇವೆ. ಥಾಯ್ ಭಾಷೆಯಲ್ಲಿ ಕ, ಖ ಎರಡೂ ಇವೆ, ಆದರೆ 'ಗ' ಇಲ್ಲ. ಅಲ್ಲಿನ ಮಕ್ಕಳು ಇಂಗ್ಲಿಷಿನ 'ಗ' ಬಂದ ಕಡೆ ತಮ್ಮ 'ಕ' ಹಾಕುತ್ತಾರೆ, 'ಕ' ಬಂದ ಕಡೆ 'ಖ' ಹಾಕುತ್ತಾರೆ. ಈಗ ಕನ್ನಡದ ಶಿಕ್ಷಕರು ಬೋರ್ಡಿನ ಮುಂದೆ ನಿಂತು 'ಕೋಟ್' ಅಂದರೆ ಮಗುವಿನ ಲೆಕ್ಕದಲ್ಲಿ ಅದು 'ಗೋಟ್'. ಕೈಯಲ್ಲಿರುವುದು ಕೋಟಿನ ಚಿತ್ರ, ಬಾಯಲ್ಲಿ ಬಂದದ್ದು ಆಡಿನ ಹೆಸರು. ಮಗು ಗೊಂದಲಕ್ಕೆ ಬಿದ್ದರೆ ಅದರ ತಪ್ಪಿಲ್ಲ.

'ಪ' ಮತ್ತು 'ಟ'ಕ್ಕೂ ಇದೇ ಮಾತು. ನಾವು ಉಸಿರಿಲ್ಲದೆ 'ಪಿನ್' ಅಂದರೆ ಮಗು ಅದನ್ನು ಹಾಗೇ ಕಲಿಯುತ್ತದೆ. ನಾಳೆ ಅದೇ ಮಗು ಒಬ್ಬ ಅಮೆರಿಕನ್ ಮುಂದೆ ಹೇಳಿದರೆ ಅವರಿಗೆ 'ಬಿನ್' ಅಂತ ಕೇಳಿಸಬಹುದು. ಅಭ್ಯಾಸಕ್ಕೆ ಒಂದು ತೆಳುವಾದ ಕಾಗದದ ಪಟ್ಟಿ ಸಾಕು: ಎರಡು ಬೆರಳಗಲ, ಗೇಣುದ್ದ. ತುಟಿಯ ಮುಂದೆ ಹಿಡಿದು 'ಪೆನ್', 'ಟೆನ್', 'ಕೀ' ಹೇಳಿ. 'ಪೆನ್' ಅಂದಾಗ ಕಾಗದ ಚೆನ್ನಾಗಿ ಹಾರಬೇಕು. ಹಿರಿಯರು 'ಫಲ' ಅನ್ನುವಾಗ ಬರುವ ಮಹಾಪ್ರಾಣವೇ ಬೇಕಾದದ್ದು, ತುಟಿ ಕಚ್ಚಿ ಹೇಳುವ ಫ್ಯಾನಿನ 'ಫ' ಅಲ್ಲ. 'ಸ್' ಆದ ಮೇಲೆ ಮಾತ್ರ ಉಸಿರು ಬೇಡ: 'ಸ್ಪಿನ್', 'ಸ್ಟಾಪ್', 'ಸ್ಕೈ'ಗಳಲ್ಲಿ ನಮ್ಮ ಅಲ್ಪಪ್ರಾಣವೇ ಸರಿ. ಹಾಗೆಯೇ 'ಟ', 'ಡ' ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚಬಾರದು, ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗಿದರೆ ಸಾಕು.

ಇನ್ನೊಂದು ದೊಡ್ಡ ವಿಷಯ ಪದದ ಕೊನೆ. ಥಾಯ್ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ ಪ್, ತ್, ಕ್, ಮ್, ನ್, ಙ್, ಯ್, ವ್ ಸದ್ದುಗಳಲ್ಲಿ. ಕೊನೆಯಲ್ಲಿ ಸ್, ಲ್, ಫ್, ಶ್, ಚ್ ಬರುವುದೇ ಇಲ್ಲ. ಹಾಗಾಗಿ 'ಬಾಲ್' ಹೋಗಿ 'ಬೋನ್' ಆಗುತ್ತದೆ, 'ಆ್ಯಪಲ್' ಹೋಗಿ 'ಆ್ಯಪ್ಪೆನ್', 'ಬಸ್' ಹೋಗಿ 'ಬತ್'. ಲೈಕ್, ಲೈಫ್, ಲೈಟ್ ಮೂರೂ ಎಷ್ಟೋ ಮಕ್ಕಳ ಬಾಯಲ್ಲಿ ಒಂದೇ 'ಲಾಯ್'. ಇದು ಸೋಮಾರಿತನವಲ್ಲ, ಅವರ ಭಾಷೆಯ ಕಟ್ಟುಪಾಡು.

ಇಲ್ಲಿ ಕನ್ನಡದವರು ಮಾಡುವ ಎಡವಟ್ಟು ಬೇರೆ ತರಹದ್ದು. ಕೊನೆಯ ಅಕ್ಷರ ಮಕ್ಕಳಿಗೆ ಕೇಳಿಸಲಿ ಅಂತ ಒತ್ತಿ ಹೇಳಲು ಹೋದರೆ ನಮ್ಮ ಬಾಯಲ್ಲಿ ತಾನಾಗಿ 'ಉ' ಸೇರುತ್ತದೆ: ಬಸ್ಸು, ಲೈಫು, ಬುಕ್ಕು. ಮಕ್ಕಳು ಅದನ್ನೇ ಎರಡು ತುಂಡಾಗಿ ಕಲಿತುಬಿಡುತ್ತಾರೆ. ಒತ್ತುವ ಬದಲು ಪಿಸುಗುಟ್ಟಿ. 'ಸ್', 'ಫ್' ಆದರೆ ಗಂಟಲು ಅದುರದಂತೆ ಎರಡು ಸೆಕೆಂಡ್ ಎಳೆಯಿರಿ. 'ಕ್', 'ಟ್' ಆದರೆ ಬರೀ ಉಸಿರು ಬಿಡಿ. ಗಂಟಲ ಮೇಲೆ ಬೆರಳಿಟ್ಟುಕೊಂಡರೆ 'ಉ' ನುಸುಳಿದ್ದು ತಕ್ಷಣ ಗೊತ್ತಾಗುತ್ತದೆ. ಮಕ್ಕಳಿಗೆ ಹೇಳಿಕೊಡುವಾಗ ಪದವನ್ನು ಬಾಲದಿಂದ ಕಟ್ಟಿ: ಮೊದಲು 'ಫ್', ಆಮೇಲೆ 'ಐಫ್', ಆಮೇಲೆ 'ಲೈಫ್'. ಮುಂದಿನಿಂದ ಕಟ್ಟಿದರೆ 'ಲಾಯ್' ಅಂತ ಅವರ ಬಾಯಿ ಆಗಲೇ ಮುಗಿಸಿಬಿಟ್ಟಿರುತ್ತದೆ.

ಆಮೇಲೆ ಬೆರಳಾಟ ಆಡಿಸಿ. ಬೋರ್ಡಿನಲ್ಲಿ 1 ಲೈಕ್, 2 ಲೈಫ್, 3 ಲೈಟ್ ಎಂದು ಬರೆಯಿರಿ. ನೀವು ಒಂದನ್ನು ಹೇಳಿ, ಮಕ್ಕಳು ಬೆರಳು ತೋರಿಸಲಿ. ಇಡೀ ಕ್ಲಾಸಿನಲ್ಲಿ ಯಾರಿಗೆ ಕೇಳಿಸುತ್ತಿಲ್ಲ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ, ಯಾರೂ ಬಾಯಿಬಿಟ್ಟು ತಪ್ಪು ಹೇಳಿ ನಾಚಿಕೊಳ್ಳಬೇಕಾಗಿಲ್ಲ. ಮುಕ್ಕಾಲು ಪಾಲು ಬೆರಳು ಸರಿಯಾಗುವ ತನಕ ಹೇಳಿಸಬೇಡಿ. ಕಿವಿ ಹಿಡಿಯದ ಸದ್ದನ್ನು ಬಾಯಿ ಆಡುವುದಿಲ್ಲ. 'ವ'ಕ್ಕೂ ಇದೇ ಕ್ರಮ. ಇಂಗ್ಲಿಷಿನ ಎರಡು ಬಗೆಯ 'ವ'ಗಳನ್ನು ನಾವು ಒಂದೇ ಮಾಡುತ್ತೇವೆ, ಥಾಯ್ ಮಕ್ಕಳೂ ಒಂದೇ ಮಾಡುತ್ತಾರೆ. ವ್ಯಾನಿನ 'ವ'ಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ವಾಟರಿನ 'ವ'ಕ್ಕೆ ತುಟಿ ಗುಂಡಗಾಗಬೇಕು. ಶಿಕ್ಷಕರು ಮನೆಯಲ್ಲಿ ಫೋನ್ ಕ್ಯಾಮೆರಾ ಎದುರು ಹೇಳಿ ನೋಡಿಕೊಂಡು ಹೋಗುವುದು ಒಳ್ಳೆಯದು. 'ಎಗ್' ಅನ್ನು 'ಯೆಗ್' ಮಾಡುವ ರೂಢಿಯನ್ನೂ ಆಗಲೇ ಬಿಟ್ಟುಬಿಡಿ.

ಇನ್ನು ಕ್ಲಾಸ್ ನಡೆಸುವ ರೀತಿ. ಪೀರಿಯಡ್ ಐವತ್ತು ನಿಮಿಷ ಅಂದರೂ ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಬಂದು, ಚಪ್ಪಲಿ ಬಿಟ್ಟು ಕೂತು, ಎದ್ದು ನಿಂತು ಒಂದೇ ರಾಗದಲ್ಲಿ 'ಗುಡ್ ಮಾರ್ನಿಂಗ್ ಟೀಚಾ' ಹೇಳುವ ಹೊತ್ತಿಗೆ ಎಂಟು ಹತ್ತು ನಿಮಿಷ ಹೋಗಿರುತ್ತದೆ. ಪಾಠವನ್ನು ನಲವತ್ತು ನಿಮಿಷಕ್ಕೇ ಬರೆದುಕೊಳ್ಳಿ. 'ಡು ಯೂ ಅಂಡರ್‌ಸ್ಟ್ಯಾಂಡ್?' ಎಂದು ಕೇಳಿ ಪ್ರಯೋಜನವಿಲ್ಲ, ಇಡೀ ಕ್ಲಾಸ್ 'ಯೆಸ್' ಅನ್ನುತ್ತದೆ. ಒಬ್ಬ ಹುಡುಗನನ್ನು ಎಬ್ಬಿಸಿ ಪ್ರಶ್ನೆ ಕೇಳಿದರೆ ಅವನು ನಗುತ್ತಾ ಸುಮ್ಮನೆ ನಿಲ್ಲುತ್ತಾನೆ. ಅದು ಉಡಾಫೆಯಲ್ಲ. ನಾಲ್ಕು ಜನರೆದುರು ತಪ್ಪಿ ಮುಖ ಕಳೆದುಕೊಳ್ಳುವುದು ಅಲ್ಲಿ ದೊಡ್ಡ ಸಂಗತಿ. ಹಿರಿಯರಿಗೆ ತೊಂದರೆ ಕೊಡಬಾರದೆಂಬ ಸಂಕೋಚವೂ ಜೊತೆಗಿರುತ್ತದೆ, ಅದಕ್ಕೆ ಅವರು 'ಕ್ರೆಂಗ್ ಚಾಯ್' ಅನ್ನುತ್ತಾರೆ. ಮೊದಲು ಅರ್ಧ ನಿಮಿಷ ಬರೆಯಲಿ, ಆಮೇಲೆ ಒಂದು ನಿಮಿಷ ಪಕ್ಕದವರ ಜೊತೆ ಹೇಳಿಕೊಳ್ಳಲಿ, ಆಮೇಲೆ ಜೋಡಿಯನ್ನು ಕೇಳಿ. ಉತ್ತರ ಇಬ್ಬರದ್ದಾದಾಗ ತಪ್ಪಿನ ಭಾರ ಒಬ್ಬರ ತಲೆಗೆ ಬೀಳುವುದಿಲ್ಲ, ಮಾತು ಹೊರಡುತ್ತದೆ.

ಗದರಿಸುವ ಶಿಕ್ಷಕರಿಗೆ ಅಲ್ಲಿ ಮರ್ಯಾದೆ ಇಳಿಯುತ್ತದೆ, ಏರುವುದಿಲ್ಲ. ಗಲಾಟೆ ಹೆಚ್ಚಾದರೆ ಕೈ ಎತ್ತಿ ಸುಮ್ಮನೆ ನಿಲ್ಲಿ, ಕ್ಲಾಸ್ ಲೀಡರ್ ನೋಡಿಕೊಳ್ಳುತ್ತಾರೆ. ಪ್ರೀತಿಯಿಂದ ಮಗುವಿನ ತಲೆ ಸವರುವುದು ನಮಗೆ ಆಶೀರ್ವಾದ, ಅಲ್ಲಿ ಅದು ಸಲ್ಲದು. ಮಕ್ಕಳು ಕೈ ಮುಗಿದು 'ವಾಯ್' ಮಾಡಿದಾಗ ತಲೆ ಬಾಗಿಸಿ ಮುಗುಳ್ನಕ್ಕರೆ ಸಾಕು. ನಮ್ಮ ನಮಸ್ಕಾರದಂತೆಯೇ ಕಂಡರೂ ಅಲ್ಲಿ ಕಿರಿಯರೇ ಮೊದಲು ಮಾಡಬೇಕು, ಶಿಕ್ಷಕರು ಮಗುವಿಗೆ ಮೊದಲು ಕೈ ಮುಗಿಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಧ್ವಜವಂದನೆ, ಅದಕ್ಕೆ ಶಿಕ್ಷಕರೂ ಹಾಜರಿರಬೇಕು. ರಾಜಮನೆತನದ ಬಗ್ಗೆ ಕ್ಲಾಸಿನಲ್ಲಾಗಲಿ ಫೋನಿನಲ್ಲಾಗಲಿ ಹಗುರವಾದ ಮಾತೇ ಬೇಡ. ದಂಡಸಂಹಿತೆಯ 112ನೇ ಕಲಂ ಅಡಿ ಜೈಲು ಶಿಕ್ಷೆ ಇದೆ, ಅದು ವಿದೇಶಿಯರಿಗೂ ಅನ್ವಯಿಸುತ್ತದೆ.

ಅಂಕಗಳ ಕೆಲಸವನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಂಡು ಟರ್ಮ್ ಕೊನೆಯಲ್ಲಿ ಒದ್ದಾಡುತ್ತಾರೆ. ಹದಿನಾರು ಸೆಕ್ಷನ್, ಒಂದೊಂದರಲ್ಲಿ ನಲವತ್ತೈದು ಮಕ್ಕಳು ಅಂದರೆ 720 ಹೆಸರು. ಹಾಜರಿ ಪಟ್ಟಿಯಲ್ಲಿರುವ ಹೆಸರು ಉದ್ದುದ್ದ, ಕರೆಯುವ ಹೆಸರು ಬೇರೆ: ಪ್ಲಾ, ನೋಕ್, ಬ್ಯಾಂಕ್ ಇತ್ಯಾದಿ. ಮೊದಲ ವಾರವೇ ಪ್ರತಿ ಮಗುವಿನ ರೋಲ್ ನಂಬರ್, ಕರೆಯುವ ಹೆಸರು, ಕೂರುವ ಜಾಗ ಬರೆದ ನಕ್ಷೆ ಮಾಡಿಕೊಳ್ಳಿ. ಮಾತಿನ ಪರೀಕ್ಷೆಯನ್ನು ಒಬ್ಬೊಬ್ಬರಿಗೆ ಮಾಡಲು ಹೋದರೆ ಎರಡು ಮೂರು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಕ್ರೀಡಾಕೂಟವೋ ಸ್ಕೌಟ್ ಕ್ಯಾಂಪೋ ಬಂದು ಪೀರಿಯಡ್ಡೇ ಹೋಗುತ್ತದೆ. ಮೂವರನ್ನು ಒಟ್ಟಿಗೆ ಕೂರಿಸಿ ಎರಡೂವರೆ ನಿಮಿಷ ಪರಸ್ಪರ ಮಾತಾಡಿಸಿ. ಹದಿನೈದು ಗುಂಪಿಗೆ ಮೂವತ್ತೆಂಟು ನಿಮಿಷ, ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಹೊರಗೆ ಕಾಯುವವರಿಗೆ ಒಂದು ವರ್ಕ್‌ಶೀಟ್ ಇರಲೇಬೇಕು. ಗ್ರೇಡ್ 0ಯಿಂದ 4ರವರೆಗೆ: 50 ಅಂಕಕ್ಕೆ 1, 80 ಅಥವಾ ಅದಕ್ಕಿಂತ ಹೆಚ್ಚು ಬಂದರೆ 4. 0 ಬಂದವರು, ಕೆಲಸ ಒಪ್ಪಿಸದವರು ಕೊನೆಗೆ ತಿದ್ದಿಸಿಕೊಳ್ಳಲು ಬರುತ್ತಾರೆ, ಅವರಿಗೆ ಮತ್ತೆ ಪರೀಕ್ಷೆ ಕೊಡುವುದು ಶಿಕ್ಷಕರ ಕರ್ತವ್ಯ. ಯಾರು ಯಾವ ಕೆಲಸ ಒಪ್ಪಿಸಿಲ್ಲ ಅನ್ನುವುದು ದಿನಾಂಕ ಸಮೇತ ಬರೆದಿಟ್ಟಿದ್ದರೆ ಇದು ಅರ್ಧ ದಿನದ ಕೆಲಸ, ಇಲ್ಲದಿದ್ದರೆ ವಾರದ ತಲೆನೋವು.

ಕೆಲಸ ಹುಡುಕುವುದರ ಬಗ್ಗೆ ನೇರವಾಗಿ ಹೇಳಬೇಕು. ಅನೇಕ ಜಾಹೀರಾತುಗಳಲ್ಲಿ 'ನೇಟಿವ್ ಸ್ಪೀಕರ್ ಮಾತ್ರ', ಅಂದರೆ ಇಂಗ್ಲಿಷ್ ಮನೆಮಾತಾಗಿರುವ ದೇಶಗಳವರು ಮಾತ್ರ, ಎಂದಿರುತ್ತದೆ, ಆ ದೇಶಗಳ ಪಟ್ಟಿಯಲ್ಲಿ ಭಾರತದ ಪಾಸ್‌ಪೋರ್ಟ್ ಇಲ್ಲ. ಭಾರತದವರಿಗೆ, ಫಿಲಿಪ್ಪೀನ್ಸಿನವರಿಗೆ ಅದೇ ಕೆಲಸಕ್ಕೆ ಕಡಿಮೆ ಸಂಬಳ ಹೇಳುವುದೂ ಉಂಟು. ಇದು ಅನ್ಯಾಯ, ಅನುಮಾನವಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು ಬಿ.ಎಡ್., ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಮತ್ತು ಡೆಮೊ ಪಾಠ. ನೇಟಿವ್ ಅಲ್ಲದವರಿಗೆ ಟೋಯಿಕ್‌ನಲ್ಲಿ ಕನಿಷ್ಠ 600 ಕೇಳುತ್ತಾರೆ. ಗಣಿತ, ವಿಜ್ಞಾನ ಓದಿದವರು 'ಇಂಗ್ಲಿಷ್ ಪ್ರೋಗ್ರಾಂ' ಇರುವ ಶಾಲೆಗಳನ್ನೂ ನೋಡಿ, ಅಲ್ಲಿ ಆ ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸಲು ಜನ ಬೇಕಾಗುತ್ತಾರೆ. ಶಾಲೆ ಮೇ ನಡುವಿನಲ್ಲಿ ಶುರು, ಎರಡನೇ ಟರ್ಮ್ ನವೆಂಬರಿನಲ್ಲಿ. ಅರ್ಜಿ ಹಾಕುವ ಕಾಲ ಮಾರ್ಚ್–ಏಪ್ರಿಲ್, ಆಮೇಲೆ ಅಕ್ಟೋಬರ್.

ಕರಾರು ಪತ್ರದಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ತಿಂಗಳ ಸಂಬಳ ಅನ್ನುವುದು. ಏಜೆನ್ಸಿ ಮೂಲಕ ಹೋದರೆ ಹತ್ತು ಅಥವಾ ಹನ್ನೊಂದು ತಿಂಗಳ ಕರಾರು ಸಾಮಾನ್ಯ, ರಜೆಯ ತಿಂಗಳಿಗೆ ದುಡ್ಡಿಲ್ಲ. ತಿಂಗಳಿಗೆ ಸ್ವಲ್ಪ ಕಡಿಮೆ ಇದ್ದರೂ ಹನ್ನೆರಡು ತಿಂಗಳು ಕೊಡುವ ಶಾಲೆಯೇ ಮೇಲು. ಮನೆಗೆ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ ಒಟ್ಟಿಗೆ ಕೇಳುತ್ತಾರೆ. ಮೊದಲ ಸಂಬಳ ತಿಂಗಳ ಕೊನೆಗೆ. ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ. ಸಸ್ಯಾಹಾರಿಗಳು 'ಜೇ' ಎಂಬ ಮಾತು ಕಲಿತುಕೊಳ್ಳಿ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುವ ಊರದು, 'ಜೇ' ಅಂದರೆ ಮಾಂಸ, ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇಲ್ಲ.

ಕಾಗದಪತ್ರಗಳಲ್ಲಿ ಕರ್ನಾಟಕದವರಿಗೆ ತೊಡಕಾಗುವುದು ಹೆಸರು. ಎಸ್‌ಎಸ್‌ಎಲ್‌ಸಿ ಮತ್ತು ಡಿಗ್ರಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಊರಿನ ಹೆಸರು, ತಂದೆಯ ಹೆಸರು. ಥಾಯ್ ಕಚೇರಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ವಾಪಸ್ ಬರಬಹುದು. ಎರಡೂ ಹೆಸರು ಒಬ್ಬರದ್ದೇ ಎಂಬ ನೋಟರಿ ಅಫಿಡವಿಟ್ ಊರಲ್ಲೇ ಮಾಡಿಸಿ, ಟೋಯಿಕ್ ಪರೀಕ್ಷೆಗೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಕೊಡಿ. ಡಿಗ್ರಿಗೆ ರಾಜ್ಯ ಸರ್ಕಾರದ, ಆಮೇಲೆ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಅದರ ಮೇಲೆ ರಾಯಭಾರ ಕಚೇರಿಯ ಮುದ್ರೆಯೂ ಬೇಕೇ ಎಂದು ಶಾಲೆಯಿಂದ ಬರವಣಿಗೆಯಲ್ಲಿ ಕೇಳಿಕೊಂಡು ಮುಂದುವರಿಯಿರಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ. ಟೀಚಿಂಗ್ ಲೈಸೆನ್ಸ್ ಇಲ್ಲದವರ ಪರವಾಗಿ ಶಾಲೆಯೇ 'ಖುರುಸಫಾ' ಎಂಬ ಶಿಕ್ಷಕರ ಮಂಡಳಿಗೆ ತಾತ್ಕಾಲಿಕ ಅನುಮತಿಗಾಗಿ ಅರ್ಜಿ ಹಾಕುತ್ತದೆ.

ಪ್ರವಾಸಿಯಾಗಿ ಒಳಗೆ ಹೋಗಿ ಪಾಠ ಶುರು ಮಾಡಿ, ವೀಸಾ ಆಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾದವರು ನೀವು. ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಇಮಿಗ್ರೆಂಟ್ 'ಬಿ' ವೀಸಾ ಮೊದಲು ತೊಂಬತ್ತು ದಿನಕ್ಕೆ. ಅಷ್ಟರೊಳಗೆ ವರ್ಕ್ ಪರ್ಮಿಟ್ ಆಗಬೇಕು, ಆಮೇಲೆ 1,900 ಬಾತ್ ಕಟ್ಟಿ ಇಮಿಗ್ರೇಷನ್ ಕಚೇರಿಯಲ್ಲಿ ಒಂದು ವರ್ಷದವರೆಗೆ ವಿಸ್ತರಣೆ. ಪ್ರತಿ ತೊಂಬತ್ತು ದಿನಕ್ಕೆ ವಿಳಾಸ ವರದಿ ಕೊಡಬೇಕು. ದೀಪಾವಳಿಗೆ ಊರಿಗೆ ಬರುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಿ: ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ರದ್ದು, ಎಲ್ಲ ಮೊದಲಿನಿಂದ.

ಶಾಲೆ ಬದಲಿಸುವವರು ರಾಜೀನಾಮೆ ದಿನಾಂಕವನ್ನು ಹೊಸ ಶಾಲೆಯ ಜೊತೆ ಕೂತು ಲೆಕ್ಕ ಹಾಕಿ. ಕೆಲಸ ಮುಗಿದ ದಿನವೇ ವಾಸದ ಅನುಮತಿಯೂ ಮುಗಿಯುತ್ತದೆ. ಸಾಮಾನು ಕಟ್ಟಲು ಸಮಯ ಬೇಕಿದ್ದರೆ ಇನ್ನೊಂದು 1,900 ಬಾತ್ ಕಟ್ಟಿ ಏಳು ದಿನ ಕೇಳಿಕೊಳ್ಳಬಹುದು. ವರ್ಕ್ ಪರ್ಮಿಟ್ ರದ್ದತಿಯ ಕಾಗದ, ಅನುಭವ ಪತ್ರ ಮತ್ತು ತೆರಿಗೆ ಕಟ್ಟಿದ ದಾಖಲೆ ಮೂರನ್ನೂ ಶಾಲೆಯ ಆಫೀಸಿನಿಂದ ಕೈಯಾರೆ ಪಡೆದುಕೊಂಡೇ ಹೊರಡಿ.