ಅಮ್ಮನ ಅಡುಗೆಮನೆಯ ಪ್ಲಗ್ ಪಾಯಿಂಟ್

ತಿಪಟೂರಿನ ನಮ್ಮ ಹಳೆಯ ಮನೆಯಲ್ಲಿ ಮಿಕ್ಸಿಗೆಂದು ಇದ್ದ ಪ್ಲಗ್ ಪಾಯಿಂಟಿಗೆ ಸ್ವಿಚ್ಚೇ ಇರಲಿಲ್ಲ. ಕಾಯಿ ರುಬ್ಬಿದ ಮೇಲೆ ಅಮ್ಮ ಒದ್ದೆ ಕೈಯಲ್ಲೇ ಪ್ಲಗ್ಗನ್ನು ಕೀಳುವುದನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತಿತ್ತು. ಕಳೆದ ಯುಗಾದಿಗೆ ಊರಿಗೆ ಹೋದಾಗ ಒಂದು ಸ್ವಿಚ್ಚನ್ನೂ ಮೂರು ಪಿನ್ನಿನ ಹೊಸ ಸಾಕೆಟ್ಟನ್ನೂ ಕೊಂಡುತಂದೆ. 750 ವಾಟಿನ ಮಿಕ್ಸಿ ಎಳೆಯುವುದು ಸುಮಾರು ಮೂರೂಕಾಲು ಆಂಪಿಯರ್ ಆದ್ದರಿಂದ 6 ಆಂಪಿಯರಿನವು ಸಾಕಾಗಿದ್ದವು.

ಮೇನ್ ಇಳಿಸಿ ಮರದ ಬೋರ್ಡನ್ನು ಬಿಚ್ಚಿದಾಗ ಒಳಗೆ ಇದ್ದವು ಎರಡೇ ವೈರು, ಒಂದು ಕೆಂಪು, ಒಂದು ಕಪ್ಪು. ಮೇನ್ ಇಳಿಸುವ ಮೊದಲೇ ಟೆಸ್ಟರಿಟ್ಟು ಯಾವುದು ಫೇಸ್, ಅಂದರೆ ಕರೆಂಟು ಬರುವ ವೈರು, ಎಂದು ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ (ಕರೆಂಟು ಮರಳುವ ವೈರು) ಎಂಬ ರೂಢಿಯನ್ನು ನಂಬಿ ಕೆಂಪನ್ನು ಸ್ವಿಚ್ಚಿನ ಮೂಲಕ ಸಾಕೆಟ್ಟಿನ ಬಲಗಡೆಗೂ ಕಪ್ಪನ್ನು ನೇರವಾಗಿ ಎಡಗಡೆಗೂ ಸೇರಿಸಿದೆ. ಸ್ವಿಚ್ ಒತ್ತಿದರೆ ಮಿಕ್ಸಿ ಓಡಿತು, ಆರಿಸಿದರೆ ನಿಂತಿತು. ಅಮ್ಮನಿಗೆ ಸಂತೋಷವಾಯಿತು. ಆದರೂ ಸಮಾಧಾನವಾಗದೆ, ಸ್ವಿಚ್ ಆರಿಸಿ ಟೆಸ್ಟರ್ ಇಟ್ಟು ನೋಡಿದೆ. ಎಡಗಡೆಯ ತೂತಿನಲ್ಲಿ ದೀಪ ಹೊತ್ತಿತು.

ಹಿಂದೆಂದೋ ಯಾರೋ ವೈರುಗಳನ್ನು ಅದಲುಬದಲು ಮಾಡಿದ್ದರಿಂದ ನನ್ನ ಸ್ವಿಚ್ ತಡೆಯುತ್ತಿದ್ದುದು ನ್ಯೂಟ್ರಲನ್ನು. ಹಾಗಾದಾಗ ಕರೆಂಟು ಹರಿದು ಮರಳುವ ದಾರಿ ಕಡಿದುಹೋಗಿ ಮೋಟಾರು ನಿಲ್ಲುತ್ತದೆ, ನಿಜ. ಆದರೆ 230 ವೋಲ್ಟಿನ ಫೇಸ್ ಯಾವ ತಡೆಯೂ ಇಲ್ಲದೆ ಸಾಕೆಟ್ಟನ್ನು ದಾಟಿ, ಪ್ಲಗ್ಗು, ವೈರು, ಮೋಟಾರಿನ ಸುರುಳಿಯವರೆಗೂ ಬಂದು ನಿಂತಿರುತ್ತದೆ. ಎಲ್ಲಾದರೂ ವೈರಿನ ಹೊದಿಕೆ ಸವೆದು ಅಮ್ಮನ ಕೈ ತಾಕಿದರೆ ಅವಳ ಮೈಯೇ ಅದಕ್ಕೆ ನೆಲ ಸೇರುವ ದಾರಿ. ಸ್ವಿಚ್ ಇಲ್ಲದಿದ್ದಾಗ ಅವಳಿಗೆ ಪ್ಲಗ್ಗಿನ ಬಗ್ಗೆ ಇದ್ದ ಅಷ್ಟಿಷ್ಟು ಎಚ್ಚರವನ್ನೂ ನಾನು ತೆಗೆದುಹಾಕಿದ್ದೆ. ಅದೇ ನನ್ನನ್ನು ಹೆಚ್ಚು ಕಾಡಿತು.

ತಕ್ಷಣ ಮೇನ್ ಇಳಿಸಿ, ನಮ್ಮ ಬೀದಿಯಲ್ಲೇ ಇರುವ ವೈರಿಂಗ್ ಕೆಲಸದವರನ್ನು ಕರೆತಂದೆ. ಅಟ್ಟದ ಮೇಲಿನ ಜಾಯಿಂಟಿನಲ್ಲಿ ಅವರು ಅದಲುಬದಲನ್ನು ಪತ್ತೆಹಚ್ಚಿ ಸರಿಪಡಿಸಿದರು. ಸಾಕೆಟ್ಟಿನ ಮೇಲಿನ ದೊಡ್ಡ ತೂತನ್ನು ತೋರಿಸಿ, "ಇದಕ್ಕೆ ಅರ್ತ್ ಎಲ್ಲಣ್ಣಾ? ಅಮ್ಮನ ಮಿಕ್ಸಿ ಕಬ್ಬಿಣದ ಮೈಯದು" ಎಂದರು. ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು, ಫೇಸ್ ತಾಕುವ ಮೊದಲೇ ಯಂತ್ರದ ಮೈ ನೆಲದೊಡನೆ ಸೇರಿರಲಿ ಎಂದು. ನಮ್ಮಲ್ಲಿ ಆ ಪಿನ್ನು ಇಷ್ಟು ವರ್ಷವೂ ಬರಿಯ ತೂತಿನಲ್ಲಿ ಕೂತಿತ್ತು. ಮೇನ್ ಬೋರ್ಡಿನಿಂದ ಹಸಿರು ವೈರನ್ನು ಎಳೆದು ಅದಕ್ಕೆ ಸೇರಿಸಿದರು. ಹಿತ್ತಲಿನ ತೆಂಗಿನ ಮರದ ಬಳಿ ಒಣಗಿಹೋಗಿದ್ದ ಅರ್ತಿನ ಗುಂಡಿಗೆ ಅಮ್ಮ ತಾನೇ ಎರಡು ಕೊಡ ನೀರು ಸುರಿದಳು.

ಕೊನೆಗೆ ಟೆಸ್ಟರಿಟ್ಟಾಗ ಸ್ವಿಚ್ ಒತ್ತಿದರೆ ಬಲಗಡೆ ಮಾತ್ರ ಹೊತ್ತಿತು, ಆರಿಸಿದರೆ ಎಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಚಟ್ನಿ ರುಬ್ಬಿದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸ್ವಿಚ್ ಆರಿಸಿ, ಆಮೇಲೆ ಪ್ಲಗ್ಗನ್ನು ಕಿತ್ತಳು.