ಕಡಿದು ಎಂದರೆ ಎಷ್ಟು ಕಡಿದು?

ಮೊದಲ ಭಾನುವಾರ. ಗೇಟಿನ ಮುಂದಿನ ಸ್ಕೂಟರ್ ರ‍್ಯಾಂಪ್ ತೀರಾ ಕಡಿದಾಗಿದೆ ಎಂದು ಅಮ್ಮನ ದೂರು. ಎಷ್ಟು ಕಡಿದು ಎನ್ನುವುದಕ್ಕೆ ಒಂದು ಸಂಖ್ಯೆ ಬೇಕೆನಿಸಿತು. ಪುಸ್ತಕ ತೆರೆಯದೆ ನಾನೇ ಅಳತೆ ಕಟ್ಟಬೇಕು ಎಂಬ ಹಠ ಬೇರೆ.

ಟೇಪು ಹಿಡಿದೆ. ಮನೆಯ ಮೆಟ್ಟಿಲು: ಎತ್ತರ 17 ಸೆಂ.ಮೀ., ಅಗಲ 27. ಅಟ್ಟದ ಏಣಿ: ಉದ್ದ 300, ಬುಡ ಗೋಡೆಯಿಂದ 75 ದೂರ. ರ‍್ಯಾಂಪ್: 180 ಸೆಂ.ಮೀ. ಓಡಿ 30 ಏರುತ್ತದೆ.

ಮೊದಲ ಯೋಚನೆ ಅಗಲದಿಂದ ಎತ್ತರ ಕಳೆಯುವುದು. ಉತ್ತರ ಸಣ್ಣದಾದಷ್ಟೂ ಹೆಚ್ಚು ಕಡಿದು. ಒಂದು ಮೆಟ್ಟಿಲಿಗೆ 10 ಬಂತು. ಹತ್ತು ಮೆಟ್ಟಿಲನ್ನು ಒಟ್ಟಿಗೆ ಅಳೆದರೆ 100! ಅದೇ ಮೆಟ್ಟಿಲಸಾಲು ಹತ್ತು ಪಟ್ಟು ಮಟ್ಟಸವಾಗಿಬಿಟ್ಟಿತು. ಅರ್ಧ ಗಂಟೆಯಲ್ಲೇ ಆ ಅಳತೆಯನ್ನು ಕೈಬಿಟ್ಟೆ.

ಎರಡನೇ ಭಾನುವಾರ. ಕಳೆಯುವ ಬದಲು ಭಾಗಿಸಿದೆ. ಎತ್ತರವನ್ನು ಅಗಲದಿಂದ ಭಾಗಿಸಿದರೆ ಮೆಟ್ಟಿಲು 0.63, ರ‍್ಯಾಂಪ್ 0.17, ಏಣಿ 3.87. ಹತ್ತು ಮೆಟ್ಟಿಲಿಗೂ ಅದೇ 0.63. ಆದರೆ ನೆಟ್ಟಗಿನ ಗೋಡೆಗೆ ಬಂದರೆ ಸೊನ್ನೆಯಿಂದ ಭಾಗಾಕಾರ. ರೈಲ್ವೆಯವರು ಇದನ್ನೇ ತಿರುವಿ ಹೇಳುತ್ತಾರೆ: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು ಐವತ್ತಕ್ಕೆ ಒಂದು. ಅಲ್ಲಿ ಗೋಡೆ ತೊಂದರೆ ಕೊಡುವುದಿಲ್ಲ, ಸಮತಟ್ಟಾದ ನೆಲ ಕೊಡುತ್ತದೆ.

ಎತ್ತರವನ್ನು ಓರೆಯ ಉದ್ದದಿಂದ ಭಾಗಿಸಿದರೆ ಎರಡು ಕಡೆಯೂ ಮುರಿಯದು: ನೆಲಕ್ಕೆ 0, ಗೋಡೆಗೆ 1. ಹಿಗ್ಗಿದ್ದೆ. ಆಮೇಲೆ ನೋಡಿದರೆ ಏಣಿಗೆ 0.97. ಗೋಡೆಗೆ ಒರಗಿಸಿದ ಏಣಿಯೂ ಗೋಡೆಯೂ ಹೆಚ್ಚುಕಡಿಮೆ ಒಂದೇ ಎನ್ನುವ ಅಳತೆಯನ್ನು ಅದನ್ನು ಹತ್ತುವವರು ಒಪ್ಪುವುದಿಲ್ಲ.

ಮೂರನೇ ಭಾನುವಾರ. ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ಟು ತೂಗಿಬಿಟ್ಟೆ. ಏಣಿ 75 ಡಿಗ್ರಿಗಿಂತ ತುಸು ಹೆಚ್ಚು, ಮೆಟ್ಟಿಲು 32. ಇದೇ ಗೆದ್ದಿತು ಎಂದುಕೊಂಡೆ. ಆದರೆ ಘಾಟಿಯ ಐವತ್ತಕ್ಕೊಂದು ಲೆಕ್ಕದಲ್ಲಿ 1.15 ಡಿಗ್ರಿ, ನನ್ನ ಪ್ಲಾಸ್ಟಿಕ್ ಕೋನಮಾಪಕದಲ್ಲಿ ಅದು ದಾರದ ದಪ್ಪದೊಳಗೇ ಅಡಗಿಹೋಗುತ್ತದೆ. ಇಂಜಿನ್ ಏದುಸಿರು ಬಿಡುವ ಏರು ಅದು.

ರ‍್ಯಾಂಪಿಗೆ ಒಂಬತ್ತೂವರೆ ಡಿಗ್ರಿ ಎಂದಾಗ ಅಮ್ಮ, "ಅಷ್ಟೇನಾ? ನನ್ನ ಮಂಡಿಯನ್ನು ಕೇಳು" ಎಂದರು. ಆರಕ್ಕೆ ಒಂದು ಎಂದು ಹೇಳಿ, ಗಾಲಿಕುರ್ಚಿಯ ರ‍್ಯಾಂಪಿಗೆ ಹನ್ನೆರಡಕ್ಕೆ ಒಂದು ಇರಬೇಕು ಎಂದೆ. ತಕ್ಷಣ ಅರ್ಥವಾಯಿತು: "ಹಾಗಾದರೆ ಇದರ ಎರಡರಷ್ಟು ಉದ್ದ ಬೇಕು."

ಬೇಕಾದದ್ದು 360 ಸೆಂ.ಮೀ. ಗೇಟಿನಿಂದ ರಸ್ತೆಗೆ ಇರುವುದು 240. ಮುಂದಿನ ವಾರ ಗಾರೆಯವರನ್ನು ಕರೆದು, ಕಾಂಪೌಂಡಿನ ಗುಂಟ ತಿರುಗಿಸಬಹುದೇ ಎಂದು ಕೇಳಬೇಕು.