ಅಟ್ಟದಿಂದ ಇಳಿದ ಗಿಟಾರ್

ಸಾಗರದ ಚಿಕ್ಕಮ್ಮನ ಮನೆ ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ಒಂದು ಎಲೆಕ್ಟ್ರಿಕ್ ಗಿಟಾರ್ ಸಿಕ್ತು. ಅವರ ಮಗ, ಅಂದ್ರೆ ನನ್ ತಮ್ಮ, ಇಂಜಿನಿಯರಿಂಗ್ ಓದ್ವಾಗ ತಗೊಂಡಿದ್ದು, ಕೆಲ್ಸ ಸಿಕ್ಕಿ ಹೋದ್ಮೇಲೆ ಯಾರೂ ಮುಟ್ಟಿಲ್ಲ. ಮಲೆನಾಡಿನ ಮಳೆ ಗೊತ್ತಲ್ಲ, ಬೀರುವಲ್ಲಿಟ್ಟ ಬೆಲ್ಟಿಗೇ ಬೂಸ್ಟು ಹಿಡಿಯತ್ತೆ, ಇನ್ನು ಇದರ ಗತಿ ಕೇಳ್ಬೇಕಾ, ತಂತಿ ಎಲ್ಲಾ ಕಂದು, ತಂತಿ ಬುಡ ಕೂರೋ ಬ್ರಿಡ್ಜ್‌ನ ಸ್ಕ್ರೂಗಳು ತುಕ್ಕು, ಕತ್ತಿನ ಮೇಲಿನ ಲೋಹದ ಪಟ್ಟಿ, ಅಂದ್ರೆ ಫ್ರೆಟ್‌ಗಳ ಪಕ್ಕದಲ್ಲಿ ಹಳೇ ಬೆವರು ಧೂಳು ಸೇರಿ ಗಟ್ಟಿ ಕೊಳೆ. "ಬೇಕಿದ್ರೆ ತಗೊಂಡ್ ಹೋಗು ಮಾರಾಯ, ಗುಜರಿಯವ್ನಿಗೆ ಹಾಕೋಣ ಅಂತಿದ್ದೆ" ಅಂದ್ರು.

ಸ್ಟ್ರಾಟೋಕಾಸ್ಟರ್ ಅನ್ನೋ ಗಿಟಾರಿನ ಕಾಪಿ ಅದು. ಫೆಂಡರ್‌ನವರು 1954ರಲ್ಲಿ ತಂದ ಡಿಸೈನು, 3 ಪಿಕಪ್ (ತಂತಿ ನಡುಕ ಹಿಡಿದು ಸಿಗ್ನಲ್ ಮಾಡೋ ಭಾಗ), ತಂತಿ ಮಿಡಿಯೋ ಉದ್ದ, ಅಂದ್ರೆ ಸ್ಕೇಲು, 25.5 ಇಂಚು. ಇದರಲ್ಲಿ ಒಂದು ಸುಖ ಏನಂದ್ರೆ ಎಲ್ಲಾ ಸ್ಕ್ರೂನಲ್ಲೇ ನಿಂತಿರತ್ತೆ, ನೆಕ್ ಸಮೇತ ಬಿಚ್ಚಿ ಹಾಸಿಗೆ ಮೇಲೆ ಹರಡ್ಕೊಬಹುದು.

ತುಕ್ಕಿನ ಸ್ಕ್ರೂಗಳಿಗೆ ಡಬ್ಲ್ಯೂಡಿ-40 ಹೊಡೆದು ರಾತ್ರಿ ಬಿಟ್ಟೆ, ಬೆಳಿಗ್ಗೆ ಒಂದು ಬಿಟ್ಟು ಎಲ್ಲಾ ಅಲ್ಲಾಡಿದ್ವು. ಫ್ರೆಟ್‌ಗಳನ್ನ 0000 ನಂಬರಿನ, ಅಂದ್ರೆ ತುಂಬಾ ನಯದ, ಸ್ಟೀಲ್ ವುಲ್‌ನಲ್ಲಿ ಉಜ್ಜಿದೆ, ಚೆನ್ನಾಗಿ ಹೊಳೆದ್ವು, ಆದ್ರೆ ನೆಕ್ ಬಿಚ್ಚೋಕೆ ಮುಂಚೆ ಪೆದ್ದನ ಥರ ಅಲ್ಲೇ ಕೂತು ಉಜ್ಜಿದ್ದೆ. ಪಿಕಪ್ ಅಂದ್ರೆ ಅಯಸ್ಕಾಂತ ಅಲ್ವಾ, ಉದುರಿದ ಪುಡಿ ಪೂರ್ತಿ ಹೋಗಿ ಅಂಟ್ಕೊಂಡು ಅದರ ಪೋಲ್‌ಗಳಿಗೆಲ್ಲಾ (ಮೇಲೆ ಕಾಣೋ ಲೋಹದ ಬೊಟ್ಟುಗಳು) ಗಡ್ಡ ಬಂದಂಗಾಯ್ತು. ಬಟ್ಟೆಯಲ್ಲಿ ಒರೆಸಿದ್ರೆ ಇನ್ನೂ ಒಳಗೆ ಹೋಗತ್ತೆ. ಸೆಲ್ಲೋಟೇಪ್ ಅಂಟಿಸಿ ಕೀಳೋದು, ಮತ್ತೆ ಅಂಟಿಸೋದು, ಅರ್ಧ ರೋಲ್ ಖಾಲಿ. ಮೊದ್ಲೇ ಪಿಕಪ್ ಮೇಲೆ ಮಾಸ್ಕಿಂಗ್ ಟೇಪ್ ಹಾಕಿದ್ರೆ ಎರಡು ನಿಮಿಷದ ಕೆಲ್ಸ. ಫ್ರೆಟ್‌ಬೋರ್ಡು ರೋಸ್‌ವುಡ್ಡು, ಗಿಟಾರಿನೋರು ಇಂಡಿಯನ್ ರೋಸ್‌ವುಡ್ ಅನ್ನೋದು ನಮ್ಮ ಬೀಟೆ ಮರಾನೇ, ಲೆಮನ್ ಆಯಿಲ್ ಎರಡು ಹನಿ ಕುಡಿದ ಮೇಲೆ ಕಪ್ಪು ಗೆರೆ ಎಲ್ಲಾ ಎದ್ದು ಬಂತು. ಅಮ್ಮ ಕೊಬ್ರಿ ಎಣ್ಣೆ ಸಾಕು ಅಂತಿದ್ರು, ಬೇಡ, ಜಿಡ್ಡು ಉಳಿಯತ್ತೆ.

ಆಂಪ್ಲಿಫೈಯರ್‌ಗೆ ಹಾಕಿದ್ರೆ ಬರೀ ಗುಂಯ್. ಪಿಕಪ್ ಸತ್ತೋಗಿದೆ ಅಂತ ಹೊಸ ಸೆಟ್ ರೇಟ್ ನೋಡ್ತಾ ಕೂತಿದ್ದೆ, ಆಮೇಲೆ ಯಾಕೋ ಮಲ್ಟಿಮೀಟರ್ ಹಿಡಿದು ನೋಡಿದ್ರೆ ಮೂರೂ ಸುಮಾರು 6 ಕಿಲೋ ಓಮ್ ತೋರಿಸ್ತಿವೆ, ಒಂದೇ ಸುರುಳಿ ಇರೋ ಈ ಸಿಂಗಲ್ ಕಾಯಿಲ್ ಪಿಕಪ್‌ಗೆ ಅದು ಆರೋಗ್ಯದ ಲಕ್ಷಣ. ಕೇಬಲ್ ಸಿಕ್ಕಿಸೋ ಜ್ಯಾಕಿನ ಪ್ಲೇಟ್ ತೆಗೆದ್ರೆ ಸಿಗ್ನಲ್ ವೈರು ಡ್ರೈ ಸೋಲ್ಡರ್ ಆಗಿ, ಅಂದ್ರೆ ಬೆಸುಗೆ ಹಿಡಿಯದೆ, ಸುಮ್ನೆ ಒರಗಿ ನಿಂತಿದೆ! ಬ್ರಿಡ್ಜ್‌ಗೆ ಹೋಗೋ ಅರ್ತಿಂಗ್ ವೈರೂ ಹಿಂದೆ ಸ್ಪ್ರಿಂಗ್ ಹತ್ರ ಕಿತ್ತೋಗಿತ್ತು. ಬೆಂಗಳೂರಿನ ಎಸ್‌ಪಿ ರೋಡಿಂದ ಹೊಸ ಜ್ಯಾಕ್ ತಂದು ಎರಡು ಬೆಸುಗೆ ಹಾಕಿ, ವಾಲ್ಯೂಮ್ ತಿರುಗಿಸೋ ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿದೆ, ಕರಕರ ನಿಲ್ತು.

09 ಅನ್ನೋ ತೆಳ್ಳಗಿನ ತಂತಿ ಸೆಟ್ ಹಾಕಿ, ನೆಕ್ ಒಳಗಿರೋ ಟ್ರಸ್ ರಾಡ್ (ಬಾಗು ಸರಿಮಾಡೋ ಸರಳು) ಕಾಲು ಸುತ್ತು ಬಿಗಿ ಮಾಡಿ ಒಂದಿನ ಬಿಟ್ಟೆ. ಹಠ ಹಿಡಿದ ಆ ಒಂದು ಸ್ಕ್ರೂ, ಬ್ರಿಡ್ಜ್ ಮೇಲೆ ಜಿ ತಂತಿ ಕೂರೋ ಸ್ಯಾಡಲ್‌ದು, ಇವತ್ತಿಗೂ ಅಲ್ಲಾಡಿಲ್ಲ, ಅದಕ್ಕೇ ಆ ತಂತಿ 12ನೇ ಫ್ರೆಟ್‌ನಲ್ಲಿ ಶ್ರುತಿಗಿಂತ ಚೂರು ಮೇಲೆ ಕೇಳತ್ತೆ.

ಬಾಡಿ ಮೇಲಿದ್ದ ಸ್ಟಿಕ್ಕರ್ ಕಿತ್ತೆ, ಅಂಟೂ ಹೋಯ್ತು, ಆದ್ರೆ ಸುತ್ತ ಪೇಂಟ್ ಹಳದಿಯಾಗಿ ಅದರಡಿ ಮಾತ್ರ ಬಿಳಿ ಉಳಿದು ತಲೆಬುರುಡೆ ಆಕಾರ ಹಂಗೇ ಕಾಣ್ತಿದೆ. ಫೋಟೋ ಕಳ್ಸಿದ್ದಕ್ಕೆ ತಮ್ಮ ಮೊದ್ಲು ಕೇಳಿದ್ದು "ನನ್ ಸ್ಟಿಕ್ಕರ್ ಯಾಕೋ ಕಿತ್ತೆ" ಅಂತ.